ಬಿ.ಆರ್ಕ್ ಓದಿದ ಮಕ್ಕಳಿಗೆ ಮುಂದಿನ ದಾರಿ ಯಾವುದು? ಕಲ್ಲು, ಸಿಮೆಂಟಿನ ನಾಡಿನಲ್ಲಿ ಒಂದು ವಿಚಾರ

ಶಹಾಬಾದ: ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ವ್ಯಾಪಾರಿ ಮನೆಗಳಲ್ಲಿ ಒಂದೇ ಚರ್ಚೆ. ಮೆಡಿಕಲ್ ಸೀಟು ಸಿಗುತ್ತದೆಯೇ, ಇಂಜಿನಿಯರಿಂಗ್‌ಗೆ ಹಾಕೋಣವೇ, ಬಿ.ಕಾಂ ಮಾಡಿಸಿ ಸಿಎಗೆ ಕೂಡಿಸೋಣವೇ ಎಂಬ ಮಾತು ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಇವುಗಳ ನಡುವೆ ಇನ್ನೊಂದು ಹೆಸರು ಕೇಳಿಬರುತ್ತಿದೆ: ಬಿ.ಆರ್ಕ್, ಅಂದರೆ ವಾಸ್ತುಶಿಲ್ಪ ಪದವಿ. ಗಣಿತವೂ ಬರುವ, ಚಿತ್ರವನ್ನೂ ಚೆನ್ನಾಗಿ ತೆಗೆಯುವ ಮಗಳೋ ಮಗನೋ ಈ ಹೆಸರನ್ನು ಮನೆಗೆ ತರುತ್ತಾರೆ. ಹಿರಿಯರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ಅದು ಓದಿದ ಮ್ಯಾಲ ಏನ್ ನೌಕರಿ ಸಿಗ್ತದ?"

ಪ್ರಶ್ನೆ ತಪ್ಪಲ್ಲ. ಐದು ವರ್ಷದ ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್, ಮಾದರಿ ಮಾಡುವ ಸಾಮಾನು, ಅಧ್ಯಯನ ಪ್ರವಾಸ ಎಲ್ಲ ಸೇರಿದರೆ ಮಧ್ಯಮ ವರ್ಗದ ಅಂಗಡಿಕಾರನಿಗೆ ದೊಡ್ಡ ಮೊತ್ತವೇ ಆಗುತ್ತದೆ. ಆದರೆ ಉತ್ತರವನ್ನು ಎರಡು ಭಾಗವಾಗಿ ಹೇಳಬೇಕು. ಒಂದು, ಬಿ.ಆರ್ಕ್ ನಂತರದ ದಾರಿಗಳು ಜನರು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಇವೆ, ಆದರೆ ಅಲ್ಲಿ ಗಳಿಕೆ ನಿಧಾನವಾಗಿ ಬರುತ್ತದೆ. ಎರಡು, ಆ ಮಕ್ಕಳಿಗೆ ಸ್ವಂತ ಊರಲ್ಲಿ ಕೆಲಸ ಸಿಗುತ್ತದೆಯೇ ಇಲ್ಲವೇ ಎಂಬುದು ಅರ್ಧದಷ್ಟು ಅದೇ ಊರಿನ ಮನೆ ಕಟ್ಟಿಸುವವರ ಕೈಯಲ್ಲಿದೆ.

ಕಲ್ಲಿನಂತೆ ಮಕ್ಕಳೂ ಹೊರಗೆ

ಶಹಾಬಾದ ಎಂಬ ಹೆಸರು ಊರಾಗಿ ಗೊತ್ತಿಲ್ಲದವರಿಗೂ ಕಲ್ಲಾಗಿ ಗೊತ್ತು. ಮುಂಬೈ, ಪುಣೆ, ಹೈದರಾಬಾದಿನ ಹಳೆಯ ಮನೆಗಳಲ್ಲಿ, ಶಾಲೆಗಳಲ್ಲಿ ಕಾಲಿಗೆ ತಂಪಾಗಿ ಸಿಗುವ ಬೂದು ಬಣ್ಣದ ಫರಸಿ ಇದೇ ಸುಣ್ಣದ ಕಲ್ಲು. ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಮಾರ್ಗ ಊರ ಪಕ್ಕದಲ್ಲೇ ಇದ್ದುದರಿಂದ ಕಲ್ಲು ದೂರ ದೂರ ಹೋಯಿತು. ಅದೇ ಸುಣ್ಣದ ಕಲ್ಲನ್ನು ಸುಟ್ಟು ಪುಡಿ ಮಾಡಿದರೆ ಸಿಮೆಂಟು. ಶಹಾಬಾದದಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. ಮುಂದೆ ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ದಕ್ಷಿಣ ಭಾರತದ ಎಷ್ಟೋ ಕಟ್ಟಡಗಳಲ್ಲಿ ಈ ತಾಲೂಕುಗಳ ಮಣ್ಣಿದೆ.

ಆದರೆ ಕಲ್ಲು ಕೊಟ್ಟ ಊರಿಗೆ ಕಟ್ಟಡದ ವಿದ್ಯೆ ಬರಲಿಲ್ಲ. ಮನೆ ಕಟ್ಟುವುದೆಂದರೆ ಇಲ್ಲಿ ಇಂದಿಗೂ ಗೌಂಡಿ, ಗುತ್ತೇದಾರ, ಮತ್ತು ಪುರಸಭೆಯ ಪರವಾನಗಿಗೆ ನಕ್ಷೆ ಮಾಡಿಕೊಡುವ ಒಬ್ಬ ಇಂಜಿನಿಯರ್. ಆರ್ಕಿಟೆಕ್ಟ್ ಎಂಬವನು ಶ್ರೀಮಂತರ ಬಂಗಲೆಗೆ ಮಾತ್ರ ಬೇಕು ಎಂಬ ತಿಳಿವಳಿಕೆ ಗಟ್ಟಿಯಾಗಿದೆ. ಹೀಗಾಗಿ ಓದಿದ ಹುಡುಗ ಹುಡುಗಿಯರು ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ, ಇಲ್ಲವೇ ಹೈದರಾಬಾದಿಗೆ.

ಇತ್ತ ಫರಸಿಯ ವ್ಯಾಪಾರವೂ ಇಳಿಮುಖವಾಗಿದೆ. ಗುಜರಾತಿನ ಮೋರ್ಬಿಯಿಂದ ಬರುವ ಹೊಳೆಯುವ ಟೈಲ್ಸ್ ಕಲ್ಲಿನ ಜಾಗ ಹಿಡಿದುಕೊಂಡಿದೆ. ಇವೆರಡೂ ಬೇರೆ ಬೇರೆ ಸುದ್ದಿಯಂತೆ ಕಾಣುತ್ತವೆ, ಆದರೆ ಹಾಗಲ್ಲ. ಯಾವ ಕಟ್ಟಡಕ್ಕೆ ಯಾವ ಸಾಮಾನು ಎಂದು ದೊಡ್ಡ ನಗರಗಳಲ್ಲಿ ಬರೆದುಕೊಡುವವನು ಆರ್ಕಿಟೆಕ್ಟ್. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅದನ್ನು ವಿನ್ಯಾಸ ಮಾಡಿದ ಬಿ.ವಿ. ದೋಶಿ ಅವರು ಆ ಭಾಗದಲ್ಲೇ ಸಿಗುವ ಗ್ರಾನೈಟ್ ಕಲ್ಲಿನಿಂದ ಗೋಡೆ ಕಟ್ಟಿಸಿದರು. ದೇಶವಿದೇಶದ ವಿದ್ಯಾರ್ಥಿಗಳು ಇಂದಿಗೂ ಆ ಕಲ್ಲಿನ ಪಡಸಾಲೆಗಳನ್ನು ನೋಡಲು ಬರುತ್ತಾರೆ. ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 2018ರಲ್ಲಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಭಾರತೀಯರು ಅವರೇ. ಸಾದಾ ಕಲ್ಲಿಗೆ ಬೆಲೆ ತರುವುದು ವಿನ್ಯಾಸ. ಶಹಾಬಾದದ ಕಲ್ಲಿಗೆ ಅಂಥ ಕೈಗಳು ಬೇಕಾಗಿವೆ.

ಈ ಪದವಿ ಎಂದರೇನು

ಬಿ.ಆರ್ಕ್ ಐದು ವರ್ಷದ, ಹತ್ತು ಸೆಮಿಸ್ಟರಿನ ಪದವಿ. ಇದರಲ್ಲಿ ಒಂದು ಸೆಮಿಸ್ಟರ್ ಯಾವುದಾದರೂ ಆರ್ಕಿಟೆಕ್ಟ್ ಕಚೇರಿಯಲ್ಲಿ ಕೆಲಸ ಕಲಿಯಬೇಕು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಪ್ರವೇಶಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಪರೀಕ್ಷೆ ಬರೆಯಬೇಕು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಜೆಇಇ ಮೇನ್‌ನ ಎರಡನೆಯ ಪತ್ರಿಕೆ ಇದೆ. ಕರ್ನಾಟಕದಲ್ಲಿ ನಾಟಾ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಸೇರಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರ್‍ಯಾಂಕ್ ಕೊಡುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ಓದಬೇಕು.

ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ವಿಭಾಗವಿದೆ. ಪಕ್ಕದ ವಿಜಯಪುರದಲ್ಲಿ ಮಲಿಕ್ ಸಂದಲ್ ಹೆಸರಿನ ಕಾಲೇಜಿದೆ. ಆ ಹೆಸರು ಇಬ್ರಾಹಿಂ ರೋಜಾ ಕಟ್ಟಿದ ಶಿಲ್ಪಿಯದು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ಸೌಲಭ್ಯವಿದೆ. ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟು ಇವರಿಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರವನ್ನು ಫಲಿತಾಂಶಕ್ಕೆ ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ದಿಗಂಬರ ಜೈನರು ರಾಜ್ಯದ ಪಟ್ಟಿಯಲ್ಲಿ 3ಬಿ ಪ್ರವರ್ಗದಲ್ಲಿದ್ದಾರೆ. 2014ರಿಂದ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆಯೂ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯ ವಿವರವನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಬಹುದು.

ಸೇರುವ ಮುನ್ನ ಒಂದು ಎಚ್ಚರ ಬೇಕು. ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ನೋಡಬೇಕು. ಮಾನ್ಯತೆ ಇಲ್ಲದ ಪದವಿಗೆ ನೋಂದಣಿ ಸಿಗುವುದಿಲ್ಲ. ಇಂಟೀರಿಯರ್ ಡಿಸೈನ್ ಪದವಿ ಬೇರೆ, ಬಿ.ಆರ್ಕ್ ಬೇರೆ. ಹೆಸರು ಹತ್ತಿರ ಇರುವುದರಿಂದ ಗೊಂದಲ ಮಾಡಿಕೊಳ್ಳಬಾರದು.

1972ರ ಆರ್ಕಿಟೆಕ್ಟ್ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದವರು ಮಾತ್ರ ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಬರೆದುಕೊಳ್ಳಬಹುದು. ಆದರೆ ಕಾಯ್ದೆ ಕಾಪಾಡುವುದು ಆ ಹೆಸರನ್ನು ಮಾತ್ರ. ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡಬಾರದೆಂದು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದರ ಅರ್ಥ ಇಷ್ಟೇ: ಪದವಿ ಮತ್ತು ನೋಂದಣಿ ಅಂಗಡಿಗೆ ಬೋರ್ಡು ಕೊಡುತ್ತವೆ, ಗಿರಾಕಿಯನ್ನು ಕೊಡುವುದಿಲ್ಲ. ಗಿರಾಕಿಯನ್ನು ಕೆಲಸದಿಂದಲೇ ಸಂಪಾದಿಸಬೇಕು.

ಸಿಎಗೆ ಇರುವ ತಾಳ್ಮೆ ಇದಕ್ಕೂ ಬೇಕು

ಸಮಾಜದ ಮನೆಗಳಲ್ಲಿ ಸಿಎ ಓದುವ ಮಕ್ಕಳ ಬಗ್ಗೆ ಯಾರೂ ಅವಸರ ಮಾಡುವುದಿಲ್ಲ. ಆರ್ಟಿಕಲ್‌ಶಿಪ್‌ನಲ್ಲಿ ಸಿಗುವ ಹಣ ಓಡಾಟದ ಖರ್ಚಿಗೂ ಸಾಲದು ಎಂದು ಎಲ್ಲರಿಗೂ ಗೊತ್ತು. ಆದರೂ "ಕಲೀಲಿ ಬಿಡ್ರಿ" ಎನ್ನುತ್ತಾರೆ. ಏಕೆಂದರೆ ಆ ವೃತ್ತಿ ಹೇಗೆ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದಾರೆ.

ಆರ್ಕಿಟೆಕ್ಟ್ ವೃತ್ತಿಯೂ ಅದೇ ಜಾತಿಯದು. ಕಾಲೇಜಿನಿಂದ ಹೊರಬಂದವರಿಗೆ ಮೊದಲ ಸಂಬಳ ಸಾಫ್ಟ್‌ವೇರ್ ಕಂಪನಿ ಸೇರಿದ ಗೆಳೆಯನಿಗಿಂತ ಕಡಿಮೆ ಇರುವುದು ಸಾಮಾನ್ಯ. ಮೊದಲ ಮೂರು ನಾಲ್ಕು ವರ್ಷ ಅವರು ಹಿರಿಯರ ಕಚೇರಿಯಲ್ಲಿ ನಕ್ಷೆ ಬರೆಯುತ್ತಾರೆ, ಸೈಟಿನಲ್ಲಿ ಬಿಸಿಲಿಗೆ ನಿಲ್ಲುತ್ತಾರೆ, ಗೌಂಡಿಯೊಂದಿಗೆ ವಾದಿಸಿ ಕಲಿಯುತ್ತಾರೆ. ಆ ಹೊತ್ತಿನಲ್ಲಿ ಮನೆಯವರು "ಐದು ವರ್ಷ ಓದಿ ಇಷ್ಟೇನಾ" ಎಂದು ಚುಚ್ಚಿದರೆ ಎಷ್ಟೋ ಮಕ್ಕಳು ವೃತ್ತಿಯನ್ನೇ ಬಿಟ್ಟುಬಿಡುತ್ತಾರೆ. ಮಗಳಾದರೆ ಮದುವೆಯ ಮಾತು ಅದೇ ಹೊತ್ತಿಗೆ ಬರುತ್ತದೆ, ಕಲಿತ ವಿದ್ಯೆ ಟ್ರಂಕಿನಲ್ಲಿ ಉಳಿಯುತ್ತದೆ. ಈ ನಾಲ್ಕು ವರ್ಷದ ಹೊರೆ ಹೊರಲು ಸಿದ್ಧರಿರುವ ಮನೆಯವರು ಮಾತ್ರ ಬಿ.ಆರ್ಕ್ ಆರಿಸಿಕೊಳ್ಳಬೇಕು. ತಕ್ಷಣ ಸಂಬಳ ಬೇಕೇಬೇಕು ಎನ್ನುವ ಪರಿಸ್ಥಿತಿ ಇದ್ದರೆ ಬೇರೆ ಕೋರ್ಸ್ ನೋಡುವುದೇ ಜಾಣತನ. ಇದನ್ನು ಮೊದಲೇ ಕೂತು ಮಾತಾಡಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ.

ತೆರೆದಿರುವ ಬಾಗಿಲುಗಳು

ಮನೆ, ಅಂಗಡಿ, ಶಾಲೆ, ಆಸ್ಪತ್ರೆಗಳ ವಿನ್ಯಾಸ ಮಾಡುವ ಸ್ವಂತ ಕಚೇರಿ ಎಲ್ಲರಿಗೂ ಗೊತ್ತಿರುವ ದಾರಿ. ಗೊತ್ತಿಲ್ಲದ ದಾರಿಗಳೂ ಇವೆ.

ಸರ್ಕಾರಿ ಸೇವೆ: ವಿಧಾನಸೌಧದ ವಿನ್ಯಾಸದ ಹಿಂದಿದ್ದ ಬಿ.ಆರ್. ಮಾಣಿಕ್ಯಂ ಸರ್ಕಾರಿ ಸೇವೆಯಲ್ಲಿದ್ದವರು. ಇಂದಿಗೂ ಕೇಂದ್ರ ಲೋಕೋಪಯೋಗಿ ಇಲಾಖೆ, ಸೇನೆಯ ಕಟ್ಟಡ ವಿಭಾಗ, ರಾಜ್ಯದ ಲೋಕೋಪಯೋಗಿ ಇಲಾಖೆಗಳಲ್ಲಿ ಆರ್ಕಿಟೆಕ್ಟ್ ಹುದ್ದೆಗಳಿವೆ. ಹುದ್ದೆಗಳ ಸಂಖ್ಯೆ ಕಡಿಮೆ, ಅಧಿಸೂಚನೆ ಬರುವುದು ಅಪರೂಪ. ಇದೊಂದನ್ನೇ ನಂಬಿ ಕೂರಬಾರದು, ಕಣ್ಣಿಟ್ಟಿರಬೇಕು.

ನಗರ ಯೋಜನೆ: ಬಿ.ಆರ್ಕ್ ನಂತರ ಎಂ.ಪ್ಲ್ಯಾನ್ ಮಾಡಿದವರಿಗೆ ನಗರಾಭಿವೃದ್ಧಿ ಪ್ರಾಧಿಕಾರಗಳು, ಯೋಜನಾ ಸಲಹಾ ಸಂಸ್ಥೆಗಳಲ್ಲಿ ಅವಕಾಶವಿದೆ. ಗೇಟ್ ಪರೀಕ್ಷೆಯಲ್ಲಿ ವಾಸ್ತುಶಿಲ್ಪ ಮತ್ತು ಯೋಜನೆಗೆ ಪ್ರತ್ಯೇಕ ಪತ್ರಿಕೆಯೇ ಇದೆ. ದೆಹಲಿ, ಭೋಪಾಲ, ವಿಜಯವಾಡದ ಎಸ್‌ಪಿಎ ಸಂಸ್ಥೆಗಳು ಈ ಓದಿಗೆ ಹೆಸರಾದವು.

ಡಿಸೈನ್: ಪೀಠೋಪಕರಣ, ವಸ್ತುಗಳ ವಿನ್ಯಾಸದ ಕಡೆ ಒಲವಿದ್ದರೆ ಸೀಡ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಡೆಸ್ ಓದಬಹುದು. ಒಳಾಂಗಣ, ಉದ್ಯಾನ, ಬೆಳಕಿನ ವಿನ್ಯಾಸ ಇವೆಲ್ಲ ಈಗ ಪ್ರತ್ಯೇಕ ವೃತ್ತಿಗಳಾಗಿ ಬೆಳೆದಿವೆ.

ಕಂಪ್ಯೂಟರ್ ಮಾದರಿ: ಇಡೀ ಕಟ್ಟಡವನ್ನು ಕಂಬ, ಪೈಪು, ತಂತಿ ಸಹಿತ ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವ ಬಿಐಎಂ ಕೆಲಸಕ್ಕೆ ಬೆಂಗಳೂರು, ಹೈದರಾಬಾದಿನಲ್ಲಿ ಬೇಡಿಕೆ ಇದೆ. ವಿದೇಶದ ಕಟ್ಟಡಗಳ ಕೆಲಸವೂ ಇಲ್ಲಿ ಕೂತೇ ನಡೆಯುತ್ತದೆ.

ರೇರಾ ಪ್ರಮಾಣಪತ್ರ: 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆಗಳು ನೋಂದಣಿ ಆಗಬೇಕು. ಗಿರಾಕಿಗಳ ಹಣವನ್ನು ಬಿಲ್ಡರ್ ಖಾತೆಯಿಂದ ತೆಗೆಯಬೇಕಾದರೆ ಕೆಲಸ ಎಷ್ಟಾಗಿದೆ ಎಂದು ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಬರೆದುಕೊಡಬೇಕು. ಕಲಬುರಗಿಯಂಥ ಊರಿನಲ್ಲೂ ಇದು ನಿಯಮಿತ ಕೆಲಸ ತರಬಲ್ಲದು.

ಆಸ್ತಿ ಮೌಲ್ಯಮಾಪನ: ಭೂಮಿ, ಕಟ್ಟಡದ ಬೆಲೆ ಕಟ್ಟುವ ನೋಂದಾಯಿತ ಮೌಲ್ಯಮಾಪಕರಾಗಲು 2017ರ ನಿಯಮದಂತೆ ಆರ್ಕಿಟೆಕ್ಚರ್ ಪದವಿಯ ಮೇಲೆ 5 ವರ್ಷದ ಅನುಭವ ಇರಬೇಕು, ನಿಗದಿತ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ವ್ಯಾಪಾರಸ್ಥರ ಊರಿನಲ್ಲಿ ಸಾಲ, ಪಾಲು, ಮಾರಾಟ ನಿಲ್ಲುವುದಿಲ್ಲ. ಸ್ವಂತ ಊರಲ್ಲೇ ಇದ್ದು ದುಡಿಯಲು ಇದು ಒಳ್ಳೆಯ ಜೊತೆಗೆಲಸ.

ಬೋಧನೆ: ಎಂ.ಆರ್ಕ್ ಮಾಡಿದವರಿಗೆ ಕಾಲೇಜುಗಳಲ್ಲಿ ಅಧ್ಯಾಪಕ ಹುದ್ದೆಗಳಿವೆ.

ಮಳಖೇಡದ ಹೊಸ್ತಿಲಲ್ಲಿ

ಈ ಎಲ್ಲ ದಾರಿಗಳಲ್ಲಿ ಸಮಾಜಕ್ಕೆ ಹತ್ತಿರವಾದದ್ದು ಹಳೆಯ ಕಟ್ಟಡಗಳ ಸಂರಕ್ಷಣೆ. ಸೇಡಂ ತಾಲೂಕಿನ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 9ನೇ ಶತಮಾನದಲ್ಲಿ ಇಲ್ಲಿಂದ ಆಳಿದ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ ಇಂದಿಗೂ ಇವೆ. ಇನ್ನೂ ಹಿಂದಕ್ಕೆ ಹೋದರೆ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದ ಶಿಲ್ಪಗಳಿವೆ. ಅಶೋಕನ ಹೆಸರು ಕೊರೆದ ಶಿಲ್ಪವೂ ಅಲ್ಲಿ ದೊರೆತಿದೆ. ಅವೆಲ್ಲ ಕಡೆದಿರುವುದು ಈ ಸೀಮೆಯ ಸುಣ್ಣದ ಕಲ್ಲಿನಲ್ಲೇ. ಸುಮಾರು ಎರಡು ಸಾವಿರ ವರ್ಷ ಗೆರೆ ಹಿಡಿದುಕೊಂಡ ಕಲ್ಲು ಇದು.

ಹಳೆಯ ಬಸದಿಗಳ ಜೀರ್ಣೋದ್ಧಾರ ಎಂದರೆ ಹಲವು ಕಡೆ ನಡೆಯುವುದೇನು? ಹಳೆಯ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವುದು, ಗಾರೆ ಕೆರೆದು ಸಿಮೆಂಟ್ ಮೆತ್ತುವುದು, ನೆಲದ ಕಲ್ಲು ಕಿತ್ತು ಮಾರ್ಬಲ್ ಹಾಸುವುದು. ಭಕ್ತಿಯಲ್ಲಿ ಕೊರತೆ ಇಲ್ಲ, ದೇಣಿಗೆಯಲ್ಲೂ ಕೊರತೆ ಇಲ್ಲ. ಆದರೆ ಹಳೆಯ ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಗಟ್ಟಿ ಸಿಮೆಂಟು ಅದನ್ನು ಒಳಗೇ ಹಿಡಿಯುತ್ತದೆ. ಹಿಡಿದ ತೇವ ಕಲ್ಲನ್ನು ಪದರ ಪದರವಾಗಿ ಉದುರಿಸುತ್ತದೆ. ಪೇಂಟು ಶಾಸನದ ಅಕ್ಷರ ಮುಚ್ಚುತ್ತದೆ. ಕೆಡಿಸುವ ಉದ್ದೇಶ ಯಾರಿಗೂ ಇರುವುದಿಲ್ಲ, ಆದರೂ ಕೆಡುತ್ತದೆ.

ಸರಿಯಾಗಿ ಮಾಡಿದ ಉದಾಹರಣೆ ರಾಜ್ಯದಲ್ಲೇ ಇದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ ಮತ್ತು ಊರಿನ ಜನರೊಂದಿಗೆ ವೆಚ್ಚ ಹಂಚಿಕೊಂಡು ಹಳೆಯ ದೇವಾಲಯ, ಬಸದಿಗಳನ್ನು ಅವುಗಳ ಮೂಲ ರೂಪದಲ್ಲೇ ನಿಲ್ಲಿಸುತ್ತ ಬಂದಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಈ ಕ್ಷೇತ್ರದ ತಜ್ಞರ ಅಗತ್ಯ ಇನ್ನಷ್ಟು ಹೆಚ್ಚಿದೆ. ಸಂರಕ್ಷಣೆಯಲ್ಲಿ ಎಂ.ಆರ್ಕ್ ಮಾಡಿದ ಈ ಭಾಗದ ಒಬ್ಬ ಹುಡುಗಿ ಅಥವಾ ಹುಡುಗ ಇದ್ದರೆ, ಬಸದಿ ಸಮಿತಿಗಳು ದೂರದಿಂದ ಯಾರನ್ನೂ ಕರೆಸಬೇಕಾಗಿಲ್ಲ.

ಗೆರೆಗೂ ಬೆಲೆ ಇದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯಲ್ಲಿ ಒಂದು ದಿನದ ಹೂವಿನ ಮಂಟಪಕ್ಕೆ ಲಕ್ಷ ಕೊಡುವವರು, ಮೂರು ತಲೆಮಾರು ಬಾಳುವ ಮನೆಯ ನಕ್ಷೆಗೆ "ಹಾಳ್ಯಾಗ ನಾಕ್ ಗೆರಿ ಹಾಕೂದಕ್ಕ ಇಷ್ಟ್ ರೊಕ್ಕಾ?" ಎಂದು ಕೇಳುತ್ತಾರೆ. ಸಂಬಂಧಿಕರ ಮಗನಾದರೆ ಪುಕ್ಕಟೆ ಮಾಡಿಕೊಡಬೇಕೆಂದೇ ಲೆಕ್ಕ.

ಲೆಕ್ಕವನ್ನೇ ಹಾಕೋಣ. ಉದಾಹರಣೆಗೆ 40 ಲಕ್ಷ ರೂಪಾಯಿಯ ಮನೆಗೆ ಶೇ. 5ರಂತೆ ಶುಲ್ಕ ಎಂದರೆ 2 ಲಕ್ಷ. ಅದಕ್ಕೆ ವರ್ಷಕ್ಕೂ ಮೀರಿ ಕೆಲಸ ನಡೆಯುತ್ತದೆ: ನಕ್ಷೆಗಳು, ಕಂಬ ತೊಲೆಗಳ ಇಂಜಿನಿಯರ್ ಜೊತೆ ಮಾತು, ನಳ ಮತ್ತು ವಿದ್ಯುತ್ತಿನ ವಿವರ, ಸೈಟಿನ ಭೇಟಿಗಳು. ಕಚೇರಿ ಬಾಡಿಗೆ, ಸಹಾಯಕರ ಪಗಾರ ಕಳೆದರೆ ಉಳಿಯುವುದು ದೊಡ್ಡದೇನಲ್ಲ. ಇಂಥ ಐದಾರು ಮನೆ ವರ್ಷಕ್ಕೆ ಸಿಕ್ಕರೆ ಊರಲ್ಲೇ ಒಂದು ಕಚೇರಿ ನಿಲ್ಲುತ್ತದೆ.

ಕಟ್ಟಿಸುವವನಿಗೂ ಇದರಲ್ಲಿ ಲಾಭವಿದೆ. ಈ ಭಾಗದ ಬೇಸಿಗೆ ಎಲ್ಲರಿಗೂ ಗೊತ್ತು. ಕಾಂಕ್ರೀಟಿನ ಛತ್ತು ಹಗಲೆಲ್ಲ ಕುಡಿದ ಕಾವನ್ನು ಮಧ್ಯರಾತ್ರಿಯವರೆಗೂ ಬಿಡುತ್ತಿರುತ್ತದೆ. ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ಪಡಸಾಲೆ, ನಡುವಿನ ಅಂಗಳ, ಮಣ್ಣಿನ ಮಾಳಿಗೆ ಇದ್ದದ್ದು ಸುಮ್ಮನೆ ಅಲ್ಲ. ಪಶ್ಚಿಮದ ಗೋಡೆಗೆ ನೆರಳು ಕೊಡುವುದು, ಗಾಳಿ ಎದುರುಬದುರು ಹಾಯುವಂತೆ ಕಿಟಕಿ ಇಡುವುದು, ಛತ್ತಿನ ಮೇಲೆ ಕಾವು ತಡೆಯುವ ಪದರ ಹಾಕುವುದು ನಕ್ಷೆಯ ಹಂತದಲ್ಲೇ ಆಗಬೇಕಾದ ಕೆಲಸ. ಕಟ್ಟಿದ ಮೇಲೆ ಎಸಿ ಹಾಕಿ ತಿಂಗಳು ತಿಂಗಳು ಬಿಲ್ಲು ಕಟ್ಟುವುದಕ್ಕಿಂತ ಮೊದಲೇ ಒಮ್ಮೆ ಶುಲ್ಕ ಕೊಡುವುದು ಅಗ್ಗ.

ಸಮಾಜ ಮಾಡಬಹುದಾದ ನಾಲ್ಕು ಕೆಲಸ

ಒಂದು, ಬಸದಿ, ಸಭಾಭವನ, ಧರ್ಮಶಾಲೆ ಕಟ್ಟುವಾಗ ಅಥವಾ ದುರಸ್ತಿ ಮಾಡುವಾಗ ಸಮಿತಿಗಳು ನೋಂದಾಯಿತ ಆರ್ಕಿಟೆಕ್ಟ್ ಒಬ್ಬರನ್ನು ನೇಮಿಸಿ, ಶುಲ್ಕವನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಬೇಕು. ಸೇವೆ ಎಂದು ಕಿರಿಯರಿಂದ ಪುಕ್ಕಟೆ ಮಾಡಿಸಿಕೊಳ್ಳುವುದು ನಿಲ್ಲಬೇಕು.

ಎರಡು, ಬಿ.ಆರ್ಕ್ ಓದುವ ಮಕ್ಕಳಿಗೆ ರಜೆಯಲ್ಲಿ ಹಳೆಯ ಬಸದಿಗಳ ಅಳತೆ ತೆಗೆದು ನಕ್ಷೆ ಮಾಡುವ ಕೆಲಸವನ್ನು ಗೌರವಧನ ಕೊಟ್ಟು ವಹಿಸಬಹುದು. ಮಕ್ಕಳಿಗೆ ಕಲಿಕೆ, ಬಸದಿಗೆ ದಾಖಲೆ. ಮುಂದೆ ಗೋಡೆ ಕುಸಿದರೂ ಮೊದಲು ಹೇಗಿತ್ತು ಎಂಬ ಕಾಗದ ಉಳಿಯುತ್ತದೆ.

ಮೂರು, ಕಲ್ಲಿನ ಖಣಿ, ಪಾಲಿಶ್ ಘಟಕ ಇರುವವರು ವಿದ್ಯಾರ್ಥಿಗಳನ್ನು ಕರೆದು ಕಲ್ಲು ತೋರಿಸಬೇಕು. ಖಣಿಯಲ್ಲಿ ಹಾಳೆ ಹಾಳೆಯಾಗಿ ಕಲ್ಲು ಏಳುವುದನ್ನು ನೋಡಿದ ವಿದ್ಯಾರ್ಥಿ ಮುಂದೆ ತನ್ನ ಕಟ್ಟಡದಲ್ಲಿ ಅದನ್ನು ಬರೆಯದೆ ಇರಲಾರ.

ನಾಲ್ಕು, ಶಿಷ್ಯವೇತನ ಕೊಡುವ ಟ್ರಸ್ಟುಗಳು ಓದಿನ ಐದು ವರ್ಷದ ಜೊತೆಗೆ, ಮೊದಲ ಕಚೇರಿ ತೆರೆಯುವವರಿಗೆ ಬಡ್ಡಿ ಇಲ್ಲದ ಸಣ್ಣ ಸಾಲದ ಬಗ್ಗೆಯೂ ಯೋಚಿಸಬೇಕು. ಅಂಗಡಿ ಹಾಕುವ ಹುಡುಗನಿಗೆ ಮಾಲು ಉದ್ರಿ ಕೊಟ್ಟು ನಿಲ್ಲಿಸುವ ಸಂಪ್ರದಾಯ ಸಮಾಜದಲ್ಲಿ ಮೊದಲಿನಿಂದ ಇದೆ. ಇದೂ ಅದೇ.

ಈ ವರ್ಷ ಮನೆಯಲ್ಲಿ ಯಾರಾದರೂ ಬಿ.ಆರ್ಕ್ ಎಂದು ಬಾಯಿ ಬಿಟ್ಟರೆ "ಏನ್ ನೌಕರಿ ಸಿಗ್ತದ" ಎಂಬ ಪ್ರಶ್ನೆಯನ್ನು ಕೇಳಲಿ, ಕೇಳಲೇಬೇಕು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯನ್ನು ಹಿರಿಯರು ತಮಗೆ ತಾವೇ ಹಾಕಿಕೊಳ್ಳಲಿ: ನಾಳೆ ಈ ಮಗು ಓದಿ ಬಂದರೆ, ಮೊದಲ ಮನೆಯ ಕೆಲಸವನ್ನು ಶುಲ್ಕ ಕೊಟ್ಟು ವಹಿಸುವವರು ಊರಲ್ಲಿ ಯಾರು? ಆ ಹೆಸರು ಸಿಕ್ಕರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.